ರೋಗಿಗೂ ನಿಮಗೂ ಏನು ಸಂಬಂಧ

ಟೈರು ಪಂಕ್ಚರ್ ಆಗಬಹುದಿತ್ತು. ಸ್ಟೆಪ್ನಿ ತೆಗೆದು ನೋಡಿದರೆ ಅದರಲ್ಲೂ ಗಾಳಿ ಇಲ್ಲದಿರಬಹುದಿತ್ತು. ಇತ್ತಲಾರ್ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಕಾರು ಯಾರದೋ ಕ್ಯಾರೆಟ್ ಪಾತಿಗಳನ್ನು ದಾಟಿಕೊಂಡು ಹೋಗಿ ಅವರ ಅಡುಗೆಮನೆಯಲ್ಲಿ ನಿಲ್ಲಬಹುದಿತ್ತು. ಮಂಜು ಕವಿದು ಬಾನೆಟ್ಟಿನ ತುದಿಯೇ ಕಾಣದೆ ಹೋಗಬಹುದಿತ್ತು. ತಿರುವಿನಲ್ಲಿ ಕಾಡುಕೋಣವೊಂದು ಅಡ್ಡ ನಿಂತು, ಹಾರ್ನ್ ಹೊಡೆಯಲೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗ ಅದು ತನ್ನ ಯೋಚನೆಯನ್ನು ಮೊದಲು ಮುಗಿಸಿಬಿಡಬಹುದಿತ್ತು. ಆಸ್ಪತ್ರೆಯಲ್ಲಿ ಕರೆಂಟು ಹೋಗಬಹುದಿತ್ತು, ಡಯಾಲಿಸಿಸ್ ಯಂತ್ರ ಕೆಡಬಹುದಿತ್ತು, ಸೂಜಿ ತೆಗೆದ ಜಾಗದಿಂದ ದಾರಿಯಲ್ಲಿ ರಕ್ತ ಚಿಮ್ಮಬಹುದಿತ್ತು. ಹಿಂದಿನ ಸೀಟಿನಲ್ಲಿ ನಂಜಮ್ಮ ತಲೆ ಸುತ್ತಿ ಬೀಳಬಹುದಿತ್ತು. ಅದನ್ನು ಕನ್ನಡಿಯಲ್ಲಿ ನೋಡಿದ ನಾನು ಮುಂದಿನ ಸೀಟಿನಲ್ಲಿ ಬೀಳಬಹುದಿತ್ತು. ಆಗ ನಮ್ಮಿಬ್ಬರಲ್ಲಿ ಯಾರು ಯಾರನ್ನು ಆಸ್ಪತ್ರೆಗೆ ಸೇರಿಸಬೇಕು ಎಂಬ ಪ್ರಶ್ನೆ ಏಳಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಾವು ಸೋಲೂರು ಮುಟ್ಟುವ ಮೊದಲೇ ಅಲ್ಲಿ ಹಾಸಿಗೆ ಹಿಡಿದಿದ್ದ ನಂಜಮ್ಮನ ಅಕ್ಕ ಹಾಲಮ್ಮ ಕಣ್ಣು ಮುಚ್ಚಿಬಿಡಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಇವೆಲ್ಲಕ್ಕಿಂತ ಚಿಕ್ಕದು, ನನ್ನ ಪಟ್ಟಿಯಲ್ಲಿ ಇಲ್ಲದ್ದು, ಮತ್ತು ಪೂರ್ತಿಯಾಗಿ ನನ್ನದೇ ತಪ್ಪು. ಅದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿಬಿಟ್ಟರೆ ನೀವು ನಕ್ಕು ಎದ್ದು ಹೋಗುತ್ತೀರಿ. ನನಗೋ ನಿಮ್ಮ ಎದುರು ಕೂತು ಸ್ವಲ್ಪ ಹೊತ್ತು ಸಿಟ್ಟು ಮಾಡಿಕೊಳ್ಳುವುದಿದೆ.

ಇಷ್ಟುದ್ದದ ಪಟ್ಟಿ ಒಬ್ಬ ಸಾಮಾನ್ಯ ಮನುಷ್ಯನ ತಲೆಗೆ ಬರುವುದಿಲ್ಲ ಎಂದು ನನಗೂ ಗೊತ್ತು. ಮೂವತ್ತೊಂದು ವರ್ಷ ನಾನು ಊಟಿಯಲ್ಲಿ ಒಂದು ವಿಮಾ ಕಂಪನಿಯ ಶಾಖೆಯಲ್ಲಿ ಕೂತು ವಾಹನ ಅಪಘಾತದ ಅರ್ಜಿಗಳನ್ನು ಓದಿದವನು. ಈ ಜಿಲ್ಲೆಯ ಪ್ರತಿ ತಿರುವೂ ನನಗೆ ಒಂದೊಂದು ಫೈಲು. ಬೇರೆಯವರು ಕಲ್ಹಟ್ಟಿ ರಸ್ತೆಯಲ್ಲಿ ಮಸಿನಗುಡಿಗೆ ಇಳಿಯುವಾಗ ಕಣಿವೆಯ ಚಂದ ನೋಡುತ್ತಾರೆ. ನನಗೆ ಮೂವತ್ತಾರು ತಿರುವುಗಳಲ್ಲಿ ಎಲ್ಲೆಲ್ಲಿ ಯಾವ್ಯಾವ ಲಾರಿ ಮಗುಚಿತ್ತು ಎಂಬುದು ಕಾಣುತ್ತದೆ. ಐವತ್ತಾರಕ್ಕೇ ಸ್ವಯಂ ನಿವೃತ್ತಿ ಪಡೆದೆ. ಇನ್ನು ಮೇಲೆ ನೆಮ್ಮದಿಯಾಗಿ ಇರುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ. ಮೂರು ತಿಂಗಳು ಗ್ಯಾಸ್ ಸಿಲಿಂಡರಿನ ಟ್ಯೂಬು, ನೀರಿನ ಟ್ಯಾಂಕಿನ ಪಾಚಿ, ಪಕ್ಕದ ಮನೆಯ ಸಿಲ್ವರ್ ಓಕ್ ಮರ ಯಾವ ಕಡೆ ಬಾಗಿದೆ ಎಂಬುದನ್ನೆಲ್ಲ ನೋಡಿಕೊಂಡೆ. ನಾಲ್ಕನೆಯ ತಿಂಗಳು ಹೆಂಡತಿ, "ರೀ, ನಿಮ್ಮ ಭಯಕ್ಕೆ ಈ ಮನೆ ಸಾಲದು. ಸ್ವಲ್ಪ ಹೊರಗೆ ತಗೊಂಡು ಹೋಗಿ," ಎಂದಳು.

ಹಾಗೆ ನಾನು ಕಾರಿನ ಸಂಘ ಸೇರಿದೆ. ಸಂಘವೆಂದರೆ ದೊಡ್ಡದೇನಲ್ಲ. ನಿವೃತ್ತರಾದ ಒಂಬತ್ತು ಜನ, ಒಂಬತ್ತು ಹಳೆಯ ಕಾರು, ಒಂದು ವಾಟ್ಸಾಪ್ ಗುಂಪು. ಹಟ್ಟಿಗಳಲ್ಲಿರುವ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ ಕರೆದೊಯ್ದು ಮತ್ತೆ ಮನೆಗೆ ತಂದು ಬಿಡುವುದು ಕೆಲಸ. ಇಲ್ಲಿ ಹಟ್ಟಿ ಎಂದರೆ ಈ ನೀಲಗಿರಿಯ ಬಡಗ ಜನರ ಊರು, ಸಾಲಾಗಿ ಒಂದಕ್ಕೊಂದು ಭುಜ ತಾಗಿಸಿ ನಿಂತ ಮನೆಗಳು, ಸುತ್ತ ತೇಯಿಲೆ. ಅಲ್ಲಿಂದ ಬಸ್ಸು ಇಲ್ಲವೆಂದಲ್ಲ. ಆದರೆ ನಾಲ್ಕು ಗಂಟೆ ಯಂತ್ರಕ್ಕೆ ರಕ್ತ ಕೊಟ್ಟು ತೆಗೆದುಕೊಂಡ ಹೆಂಗಸು ಬಸ್ಸಿನ ಮೂರು ಮೆಟ್ಟಿಲು ಹತ್ತಿ, ಕಂಬಿ ಹಿಡಿದು ನಿಂತು ಹೋಗಲಾರಳು ಎಂಬುದನ್ನು ಬಸ್ಸು ಮಾಡಿದವರು ಯೋಚಿಸಿಲ್ಲ.

ನನ್ನ ಮೊದಲ ಸಿಟ್ಟು ಇದನ್ನು 'ಸೇವೆ' ಎನ್ನುವವರ ಮೇಲೆ. ಒಮ್ಮೆ ನಮ್ಮ ಒಂಬತ್ತು ಜನರನ್ನೂ ವೇದಿಕೆಗೆ ಕರೆದು ಶಾಲು ಹೊದಿಸಿದರು. ಭಾಷಣಗಳು ಎರಡು ಗಂಟೆ ನಡೆದವು. ಅಷ್ಟು ಹೊತ್ತೂ ನಮ್ಮ ಒಂಬತ್ತು ಕಾರುಗಳು ಹೊರಗೆ ಸುಮ್ಮನೆ ನಿಂತಿದ್ದವು, ಇಬ್ಬರು ರೋಗಿಗಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಮಗಾಗಿ ಕಾಯುತ್ತಿದ್ದರು. ಸೇವೆಯನ್ನು ಕೊಂಡಾಡಲು ಸೇವೆಯನ್ನೇ ನಿಲ್ಲಿಸಬೇಕು ಎಂಬುದು ನನಗೆ ಅಂದು ತಿಳಿಯಿತು. ಶಾಲನ್ನು ಹಿಂದಿನ ಸೀಟಿನಲ್ಲಿ ಇಟ್ಟಿದ್ದೇನೆ. ನಂಜಮ್ಮನಿಗೆ ಚಳಿಯಾದಾಗ ಕಾಲಿನ ಮೇಲೆ ಹೊದಿಸಲು ಚೆನ್ನಾಗಿದೆ.

ನಂಜಮ್ಮ ಇತ್ತಲಾರ್ ಕಡೆಯವರು. ಅರವತ್ತೆಂಟು ದಾಟಿದೆ. ಬಿಳಿ ತಲೆವಸ್ತ್ರ, ತೆಳ್ಳಗಿನ ಮೈ, ಯಾರನ್ನೂ ಸುಮ್ಮನೆ ಬಿಡದ ನಾಲಗೆ. ಮಗನಿಗೆ ತೇಯಿಲೆ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ಸೊಸೆ ಎಲೆ ಕೀಳಲು ಹೋಗುತ್ತಾಳೆ. ಇಬ್ಬರೂ ಒಳ್ಳೆಯವರೇ, ಆದರೆ ವಾರಕ್ಕೆ ಮೂರು ದಿನ ಕೆಲಸ ಬಿಡಲು ಆಗುವುದಿಲ್ಲ. ಮೊದಲನೆಯ ದಿನ ನಾನು ಬಾಗಿಲಲ್ಲಿ ನಿಂತಾಗ ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನಮ್ಮದು ಹಳೆಯ ವೀರಶೈವ ಮನೆ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಬಡಗ ಮಾತು ನನಗೆ ಅರ್ಥವಾಗುತ್ತದೆ, ಆದರೆ ಬರೆಯುವಾಗ ನಿಮಗೂ ಅರ್ಥವಾಗಲೆಂದು ಅಲ್ಲಲ್ಲಿ ತಿದ್ದಿದ್ದೇನೆ. ಆಕೆ ಕೇಳಿದ್ದು ಇದು:

"ಗಾಡಿ ಓಡಿಸೋಕೆ ಗೊತ್ತಾ ತಮ್ಮಾ?"

"ಮೂವತ್ತು ವರ್ಷದಿಂದ ಓಡಿಸ್ತಿದೀನಿ ಅಕ್ಕಾ."

"ಮತ್ತೆ ಮುಖ ಯಾಕೆ ಹಂಗೆ? ಆಸ್ಪತ್ರೆಗೆ ಸೇರಿಸೋದು ಎನ್ನ ಅಲ್ಲವಾ, ನಿನ್ನ ಅಲ್ಲವಲ್ಲಾ?"

ಅಂದಿನಿಂದ ನಾನು ಅವರಿಗೆ ತಮ್ಮ, ಅವರು ನನಗೆ ಅಕ್ಕ. ಅವರ ಎಡಗೈಯ ನಾಳಗಳನ್ನು ವೈದ್ಯರು ಒಂದಕ್ಕೊಂದು ಜೋಡಿಸಿ ಹೊಲಿದಿದ್ದಾರೆ, ಸೂಜಿ ಚುಚ್ಚಲು ಅನುಕೂಲವಾಗಲೆಂದು. ಅಲ್ಲಿ ಕಿವಿಯಿಟ್ಟರೆ ಗುಂಯ್ ಎನ್ನುತ್ತದೆ. ನನಗೂ ಒಮ್ಮೆ ಕೇಳಿಸಿದರು. "ಒಳಗೆ ಜೇನು ಕೂತಿದೆ ತಮ್ಮಾ. ಇನ್ನೂ ಹಾರಿ ಹೋಗಿಲ್ಲೆ." ಆ ರಾತ್ರಿ ನಿದ್ದೆಯಲ್ಲೂ ನನಗೆ ಆ ಗುಂಯ್ ನಿಂತುಹೋಗುವುದರ ಚಿಂತೆ.

ಎರಡನೆಯ ಸಿಟ್ಟು ಆಸ್ಪತ್ರೆಯ ರಿಜಿಸ್ಟರಿನ ಮೇಲೆ. ಅದರಲ್ಲಿ ಒಂದು ಕಾಲಂ ಇದೆ: ರೋಗಿಗೂ ನಿಮಗೂ ಏನು ಸಂಬಂಧ? ಮೊದಲ ದಿನ ಪ್ರಾಮಾಣಿಕವಾಗಿ 'ಡ್ರೈವರ್' ಎಂದು ಬರೆದೆ. ಕೌಂಟರಿನ ಹುಡುಗಿ, ಡ್ರೈವರುಗಳೆಲ್ಲ ಪಾರ್ಕಿಂಗಿನಲ್ಲಿ ಇರಬೇಕು, ರೋಗಿಯ ಜೊತೆ ಒಳಗೆ ಇರುವವರು ಸಂಬಂಧಿಕರೇ ಆಗಿರಬೇಕು ಎಂದಳು. ಹಾಗಾದರೆ 'ಹಿತೈಷಿ' ಎಂದು ಬರೆಯಲೇ ಎಂದೆ. ಕಂಪ್ಯೂಟರಿನಲ್ಲಿ ಹಿತೈಷಿ ಇಲ್ಲವಂತೆ. ಅಪ್ಪ ಇದ್ದಾನೆ, ಅಮ್ಮ ಇದ್ದಾಳೆ, ಗಂಡ ಇದ್ದಾನೆ, 'ಇತರೆ' ಕೂಡ ಇದೆ, ಆದರೆ 'ಇತರೆ'ಗೆ ಒಳಗೆ ಬಿಡುವುದಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು, ನಂಜಮ್ಮ ಗಾಲಿಕುರ್ಚಿಯಲ್ಲಿ ನಡುಗುತ್ತಿದ್ದರು. 'ತಮ್ಮ' ಎಂದು ಬರೆದೆ. ಮೂವತ್ತೊಂದು ವರ್ಷ ಜನರ ಸುಳ್ಳು ಅರ್ಜಿಗಳನ್ನು ಕನ್ನಡಕ ಏರಿಸಿ ಏರಿಸಿ ಹಿಡಿದ ನಾನು ಈಗ ವಾರಕ್ಕೆ ಮೂರು ಸಲ, ನೀಲಿ ಇಂಕಿನಲ್ಲಿ, ಸಹಿ ಸಮೇತ ಸುಳ್ಳು ಬರೆಯುತ್ತೇನೆ.

ಸುಳ್ಳು ಬರೆದ ಶಿಕ್ಷೆಯೂ ತಕ್ಷಣವೇ ಸಿಗುತ್ತದೆ. ತಮ್ಮನಾದ ಮೇಲೆ ಅಕ್ಕನ ತೂಕಕ್ಕೆ ತಮ್ಮನೇ ಹೊಣೆ. ಮೂತ್ರಪಿಂಡ ಕೈಕೊಟ್ಟವರಿಗೆ ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ. ಅದನ್ನು ಯಂತ್ರ ಹಿಂಡಿ ತೆಗೆಯಬೇಕು. ಹಾಗಾಗಿ ಪ್ರತಿ ಸಲವೂ ಮೊದಲು ತೂಕ ನೋಡುತ್ತಾರೆ. ಅಲ್ಲಿಯ ಸಿಸ್ಟರ್ ಗೂಡಲೂರು ಕಡೆಯವರು. ತಮಿಳು, ಮಲಯಾಳ, ಕನ್ನಡ ಮೂರನ್ನೂ ಒಂದೇ ಸಿರಿಂಜಿನಲ್ಲಿ ತುಂಬಿ ಚುಚ್ಚುತ್ತಾರೆ.

"ಸಾರೇ, ಎರಡು ದಿವಸಕ್ಕೆ ಮೂರು ಕಿಲೋ. ನಿಮ್ಮ ಚೇಚಿಗೆ ಇಷ್ಟು ವೆಳ್ಳ, ಇಷ್ಟು ನೀರು ಯಾರು ಕೊಟ್ಟದ್ದು? ನೀವು ನೋಡಬೇಕಲ್ಲಾ?"

ನಂಜಮ್ಮನಿಗೆ ದಿನಕ್ಕೆ ಮುಕ್ಕಾಲು ಲೀಟರು ದ್ರವ ಮಾತ್ರ, ಅದರಲ್ಲೇ ಕಾಫಿ, ಸಾರು, ಮಾತ್ರೆ ನುಂಗುವ ನೀರು ಎಲ್ಲ. ಆದರೆ ಹಟ್ಟಿಯಲ್ಲಿ ಒಬ್ಬರಿಗೆ ಮೈ ಸರಿಯಿಲ್ಲ ಎಂದರೆ ನೋಡಲು ಬಾರದವರಿಲ್ಲ. ಬಂದವರಿಗೆ ಕಾಫಿ ಕೊಡದೆ ಕಳಿಸುವಂತಿಲ್ಲ. ಬಂದವರು ಕುಡಿಯುವಾಗ ಮನೆಯವರು ಎದುರಿಗೆ ಬರಿಗೈಯಲ್ಲಿ ಕೂತರೆ ಅದು ಮರ್ಯಾದೆಯಲ್ಲ. ಹೀಗೆ ನೂರು ಜನ ಆಕೆಯ ಆರೋಗ್ಯ ವಿಚಾರಿಸಿ ವಿಚಾರಿಸಿಯೇ ಆರೋಗ್ಯ ಕೆಡಿಸುತ್ತಾರೆ. ಇತ್ತ ನೋಡಿದರೆ ಮನೆಯ ಹಿಂದಿನಿಂದ ಝರಿ ಹರಿಯುತ್ತದೆ. ಕುಂದಾ ಕಡೆಯ ಅಣೆಕಟ್ಟುಗಳೆಲ್ಲ ತುಂಬಿ ನಿಂತಿವೆ. ವರ್ಷದ ಅರ್ಧದಷ್ಟು ದಿನ ಆಕಾಶ ಸೋರುತ್ತದೆ. ಇಷ್ಟು ನೀರಿನ ನಡುವೆ ಒಬ್ಬ ಹೆಂಗಸು ಒಣಗಿದ ತುಟಿಯನ್ನು ಸೆರಗಿನಿಂದ ಒತ್ತಿಕೊಂಡು ಕೂತಿರುವುದನ್ನು ಕಂಡರೆ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯುವುದಿಲ್ಲ. ಆದ್ದರಿಂದ ಎದುರಿಗೆ ಸಿಕ್ಕಿದವರ ಮೇಲೆ ಮಾಡುತ್ತೇನೆ. ಸಾಮಾನ್ಯವಾಗಿ ಅದು ಹೆಂಡತಿ. ಅವಳು ಹೇಳುತ್ತಾಳೆ, "ಸಿಟ್ಟು ಮಾಡಿಕೊಳ್ಳೋದಕ್ಕೆ ನಿಮಗೊಂದು ನೌಕರಿ ಬೇಕಿತ್ತು. ಸಂಬಳ ಇಲ್ಲದೆ ಸಿಕ್ಕಿದೆ."

ಇನ್ನೊಂದು ಸಂಗತಿ ಯೋಚಿಸಿ. ಬಿಳಿಯ ಸಾಹೇಬರು ಈ ಬೆಟ್ಟ ಹತ್ತಿದ್ದೇ ಮೈ ಸರಿಮಾಡಿಕೊಳ್ಳಲು. ಬಯಲಿನ ಸೆಖೆಗೆ, ಜ್ವರಕ್ಕೆ ಬೆಂದು ಹಣ್ಣಾದವರನ್ನು ಕುರ್ಚಿಗಳಲ್ಲಿ ಕೂರಿಸಿ ಕೂಲಿಯಾಳುಗಳು ಹೊತ್ತು ತಂದರು. ಹೊತ್ತವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಕೂತವರ ಹೆಸರಿನಲ್ಲಿ ರಸ್ತೆಗಳಿವೆ. ಇಡೀ ಬೆಟ್ಟವೇ ಅವರಿಗೆ ಒಂದು ಆಸ್ಪತ್ರೆ. ಈಗ ಇಲ್ಲೇ ಹುಟ್ಟಿ ಬೆಳೆದವರಿಗೆ ಕಾಯಿಲೆ ಸ್ವಲ್ಪ ಜೋರಾದರೆ ಸಾಕು, ಕೊಯಮತ್ತೂರಿಗೆ ಇಳಿಯಿರಿ ಎನ್ನುತ್ತಾರೆ. ಗಾಳಿ ಕುಡಿದು ಗುಣವಾಗಲು ಊರೂರಿನವರು ಮೇಲಕ್ಕೆ, ಗುಣವಾಗಲು ಊರಿನವರು ಕೆಳಕ್ಕೆ. ಇಬ್ಬರೂ ಎದುರುಬದುರಾಗುವುದು ಒಂದೇ ರಸ್ತೆಯ ತಿರುವಿನಲ್ಲಿ, ಮೇ ತಿಂಗಳಲ್ಲಿ.

ಆ ಮೇ ತಿಂಗಳ ಒಂದು ದಿನದ ಮಾತೇ ಇದು.

ಸೋಲೂರಿನಿಂದ ಫೋನು ಬಂದಿತ್ತು. ಹಾಲಮ್ಮ ಅನ್ನ ಬಿಟ್ಟಿದ್ದಾರೆ, ಎರಡು ಚಮಚ ಗಂಜಿ ಅಷ್ಟೇ, ನೋಡುವವರು ಬಂದು ನೋಡಿ ಹೋಗಲಿ ಎಂದು. ನಂಜಮ್ಮನಿಗೆ ಆಕೆ ಬರೀ ಅಕ್ಕನಲ್ಲ. ತಾಯಿ ಬೇಗ ಹೋದ ಮೇಲೆ ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವರು. ಡಯಾಲಿಸಿಸ್ ಶುರುವಾದ ಮೇಲೆ ಎರಡು ವರ್ಷದಿಂದ ಇವರು ಸೋಲೂರು ಕಂಡಿರಲಿಲ್ಲ. ಬಡಗರಲ್ಲಿ ಹಿರಿಯರನ್ನು ಕಂಡರೆ ಕಿರಿಯರು ತಲೆ ಬಗ್ಗಿಸಿ ನಿಲ್ಲುತ್ತಾರೆ. ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಹರಸುತ್ತಾರೆ. ನಮ್ಮ ಹಾಗೆ 'ಒಳ್ಳೇದಾಗಲಿ' ಎಂದು ಒಂದೇ ಮಾತಿನಲ್ಲಿ ಮುಗಿಸುವುದಿಲ್ಲ. ಉದ್ದಕ್ಕೆ, ನಿಧಾನವಾಗಿ, ಒಂದೊಂದೇ ಬೇಡಿ ಹೇಳುತ್ತಾರೆ. ತಲೆಯ ಮೇಲೆ ಏನೂ ಇರಬಾರದು, ನಡುವೆ ಯಾರೂ ಬಾಯಿ ಹಾಕಬಾರದು.

"ಅಕ್ಕನ ಕೈ ಒಂದು ಸಲ ಎನ್ನ ತಲೆ ಮೇಲೆ ಬೀಳಬೇಕು ತಮ್ಮಾ," ಎಂದರು ನಂಜಮ್ಮ. "ಆಮೇಲೆ ಯಾರು ಮುಂದೆ ಹೋದರೂ ಪರವಾಗಿಲ್ಲೆ. ಅವಳು ಹೋದರೂ ಸರಿ, ನಾನು ಹೋದರೂ ಸರಿ."

ತೊಂದರೆ ಏನೆಂದರೆ, ನಮ್ಮ ಸಂಘಕ್ಕೆ ಒಂದು ನಿಯಮವಿದೆ. ರೋಗಿಯನ್ನು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಮಾತ್ರ ಕರೆದೊಯ್ಯತಕ್ಕದ್ದು. ಮಧ್ಯೆ ಬೇರೆಲ್ಲೂ ಹೋಗತಕ್ಕದ್ದಲ್ಲ. ಇಂಥ ಕರುಣೆಯಿಲ್ಲದ ನಿಯಮ ಯಾವ ಕಲ್ಲೆದೆಯವನು ಬರೆದನೋ ಎಂದು ನನಗೆ ಮೈ ಉರಿಯಿತು. ಆಮೇಲೆ ನೆನಪಾಯಿತು, ಬರೆದವನು ನಾನೇ. ಸಂಘ ಸೇರಿದ ವಾರದಲ್ಲೇ, ಹಳೆಯ ಚಟಕ್ಕೆ, ಹದಿನಾಲ್ಕು ನಿಯಮ ಬರೆದು ಎಲ್ಲರಿಂದ ಸಹಿ ಹಾಕಿಸಿದ್ದೆ. ಇದು ಆರನೆಯದು.

ಆರನೆಯ ನಿಯಮವನ್ನು ಮುರಿಯಲು ಮೂರು ದಿನ ತಯಾರಿ ನಡೆಸಿದೆ. ಕಾರಿನ ಬ್ರೇಕು ತೋರಿಸಿದೆ. ಗಾಳಿ ಹಿಡಿಸಿದೆ. ಹತ್ತಿ, ಬ್ಯಾಂಡೇಜು, ಸಕ್ಕರೆ ಉಂಡೆ, ವಾಂತಿ ಚೀಲ, ಟಾರ್ಚು, ಹಗ್ಗ ಕೂಡ. ಹಗ್ಗ ಯಾಕೆ ಎಂದು ಹೆಂಡತಿ ಕೇಳಿದಳು. ಗೊತ್ತಿದ್ದರೆ ಹೇಳುತ್ತಿದ್ದೆ.

ಅಂದು ಬೆಳಗ್ಗೆ ಏಳರ ಸರದಿ. ಹನ್ನೊಂದೂವರೆಗೆ ಯಂತ್ರ ಬಿಟ್ಟಿತು. ನಾನು ಸಿಸ್ಟರಿಗೆ ವಿಷಯ ಹೇಳಿದೆ. ಹೇಳಬಾರದೆಂದೇ ಇದ್ದೆ, ಆದರೆ ನನ್ನಂಥವರಿಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಆಕೆ ಸೂಜಿ ತೆಗೆದ ಜಾಗವನ್ನು ಒತ್ತಿ ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಹೋಗಿ. ಅಕ್ಕನನ್ನು ಕಾಣುವುದು ಕೂಡ ಮದ್ದೇ. ಆದರೆ ಸಾರೇ, ತಲೆ ಕೆಳಗೆ ಹಾಕಬಾರದು. ಡಯಾಲಿಸಿಸ್ ಆದ ಮೇಲೆ ಬಿ.ಪಿ. ಇಳಿದಿರುತ್ತೆ. ಬಗ್ಗಿದರೆ ಬಿದ್ದೇ ಹೋಗುತ್ತಾರೆ. ನೀವು ಹಿಡಿದುಕೊಳ್ಳಬೇಕು. ಕಾಫಿ ಅರ್ಧ ಗ್ಲಾಸು, ಅಷ್ಟೇ."

ಆಶೀರ್ವಾದ ಬೇಕೆಂದರೆ ತಲೆ ಬಗ್ಗಿಸಬೇಕು. ತಲೆ ಬಗ್ಗಿಸಿದರೆ ಬೀಳುತ್ತಾರೆ. ನನ್ನ ಪಟ್ಟಿಗೆ ಹೊಸದೊಂದು ಸೇರಿತು.

ಗೂಡಲೂರು ರಸ್ತೆ ಹಿಡಿದೆವು. ಆ ರಸ್ತೆಯ ಬಗ್ಗೆ ಮೇ ತಿಂಗಳಲ್ಲಿ ಬರೆಯುವುದೆಂದರೆ ಕಾಗದ ಹೊತ್ತಿಕೊಳ್ಳಬಹುದು. ಬೆಟ್ಟ ಹತ್ತಲು ಬೇಕಾದ ಇ-ಪಾಸ್ ತೆಗೆದು ಬಂದ ಪ್ರವಾಸಿಗರೆಲ್ಲ ಪಾಸಾದೆವೆಂಬ ಸಂತೋಷದಲ್ಲಿ ರಸ್ತೆಯ ಮೇಲೆಯೇ ಇದ್ದರು. ಪೈನ್ ತೋಪಿನ ಬಳಿ ಕಾರುಗಳು ಎರಡು ಸಾಲಿನಲ್ಲಿ ಅಲುಗಾಡದೆ ನಿಂತಿದ್ದವು. ನಮ್ಮ ಮುಂದೆ ಒಂದು ದೊಡ್ಡ ಬಿಳಿ ಕಾರು ನಾಲ್ಕೂ ಬಾಗಿಲು ತೆರೆದುಕೊಂಡು ರಸ್ತೆಯ ನಡುವೆ ಬೀಡು ಬಿಟ್ಟಿತ್ತು. ಅದರ ಎದುರಿಗೆ ಕಪ್ಪು ಕನ್ನಡಕದ ದಂಪತಿ ಮೊಬೈಲನ್ನು ಕೋಲಿಗೆ ಸಿಕ್ಕಿಸಿ ಕುಣಿಯುತ್ತಿದ್ದರು. ನಾನು ಒಮ್ಮೆ ಹಾರ್ನ್ ಮಾಡಿದೆ. ಎರಡನೆಯ ಸಲಕ್ಕೆ ಆ ಗಂಡಸು ನನ್ನ ಕಿಟಕಿಗೆ ಬಂದ. ಕ್ಷಮೆ ಕೇಳಲು ಬಂದನೆಂದು ಗಾಜು ಇಳಿಸಿದೆ. ಮೊಬೈಲು ನನ್ನ ಕೈಗೆ ಕೊಟ್ಟು, ಇಬ್ಬರೂ ಸೇರಿ ಬರುವ ಹಾಗೆ ಒಂದು ತೆಗೆದುಕೊಡಿ ಎಂದ.

ನನ್ನ ಮನಸ್ಸಿನಲ್ಲಿ ಆಗ ಸಿದ್ಧವಾದ ಭಾಷಣ ಬಹಳ ಚೆನ್ನಾಗಿತ್ತು. ಅದರಲ್ಲಿ ಅಣೆಕಟ್ಟುಗಳು ಬಂದವು, ಕುರ್ಚಿ ಹೊತ್ತವರು ಬಂದರು, ಸಾಯುತ್ತಿರುವ ಅಕ್ಕ, ಕಾಯುತ್ತಿರುವ ತಂಗಿ ಎಲ್ಲರೂ ಬಂದರು. ಆದರೆ ಭಾಷಣ ಗಂಟಲಲ್ಲಿ ಸಾಲು ನಿಂತಿರುವಾಗಲೇ ಹಿಂದಿನ ಸೀಟಿನಿಂದ ನಂಜಮ್ಮ, "ತೆಗೆದು ಕೊಡು ತಮ್ಮಾ, ಸೀಕ್ರ. ಭಾಷಣಕ್ಕಿಂತ ಪೋಟೋ ಬೇಗ ಮುಗಿಯುತ್ತೆ," ಎಂದರು. ತೆಗೆದುಕೊಟ್ಟೆ. ಅವಸರದಲ್ಲಿ ಇಬ್ಬರ ತಲೆಯೂ ಬಿಟ್ಟುಹೋಗಿತ್ತು. ನನಗೆ ಸಿಕ್ಕಿದ ಸಮಾಧಾನ ಅಷ್ಟೇ. ಕಾರು ಪಕ್ಕಕ್ಕೆ ಸರಿಯಿತು.

ಅಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಕನ್ನಡಿಯಲ್ಲಿ ನೋಡಿದೆ. ನಂಜಮ್ಮ ಶಾಲು ಹೊದ್ದು, ಬ್ಯಾಂಡೇಜಿನ ಮೇಲೆ ಬಲಗೈ ಇಟ್ಟುಕೊಂಡು ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ಸೋಲೂರಿನ ಕಡೆಗೆ ತಿರುಗಿದ ಮೇಲೆ ಒಂದೇ ಸಲ, "ಫೋನು ಬಂದಿಲ್ಲೆಯಲ್ಲಾ?" ಎಂದು ಕೇಳಿದರು. ಇಲ್ಲ ಎಂದೆ. ಫೋನು ಬಂದೀತೆಂದು ಹೆದರಿ ನಾನು ಪೈನ್ ತೋಪಿನಲ್ಲೇ ಅದನ್ನು ಆಫ್ ಮಾಡಿಬಿಟ್ಟಿದ್ದೆ ಎಂಬುದನ್ನು ಹೇಳಲಿಲ್ಲ.

ಹಟ್ಟಿಯಲ್ಲಿ ಹಾಲಮ್ಮನ ಮನೆಯ ಮುಂದೆ ಜನ ಕೂಡಿದ್ದರು. ಬಡಗರ ಊರಿನಲ್ಲಿ ಹಗಲು ಹೊತ್ತು, ಎಲೆ ಕೀಳುವ ಸಮಯದಲ್ಲಿ, ಅಷ್ಟು ಜನ ಮನೆಯ ಮುಂದೆ ನಿಂತಿರುವುದಕ್ಕೆ ಒಂದೇ ಕಾರಣವಿರುತ್ತದೆ. ನಾನು ಎಂಜಿನ್ ಆರಿಸದೆ ಕೂತೆ. ಹಾಲಮ್ಮನ ಸೊಸೆ ಕಿಟಕಿಗೆ ಬಂದು ನಂಜಮ್ಮನ ಕೈ ಹಿಡಿದು, "ಮಾಮಿ, ಬಾ. ನೀ ಬರುತ್ತೀ ಅಂತ ಅತ್ತೆ ಬೆಳಗ್ಗೆಯಿಂದ ಎಚ್ಚರ ಇದ್ದಾಳೆ. ಎಲ್ಲರೂ ನಿನ್ನ ನೋಡೋಕೇ ನಿಂತಿದ್ದಾರೆ," ಎಂದಳು. ನಾನು ಎಂಜಿನ್ ಆರಿಸಿದೆ.

ನೋಡಲು ಬಂದವರೆಂದರೆ ಕಾಫಿ. ಪಡಸಾಲೆಯಲ್ಲಿ ಕೂರಿಸಿ ಲೋಟಗಳ ತಟ್ಟೆ ತಂದರು. ನಂಜಮ್ಮ ಅರ್ಧ ಲೋಟ ಕುಡಿದರು. ಇನ್ನೊಂದು ಮನೆಯಿಂದ ಬೇರೆ ತಟ್ಟೆ ಬಂತು. ಹಾಲಮ್ಮನ ತಂಗಿ ಎರಡು ವರ್ಷದ ಮೇಲೆ ಬಂದಿದ್ದಾಳೆ, ಬೇಡವೆನ್ನುವಂತಿಲ್ಲ. ನಂಜಮ್ಮ ಲೋಟ ತೆಗೆದುಕೊಳ್ಳುತ್ತಾರೆ, ತುಟಿಗೆ ತಾಗಿಸುತ್ತಾರೆ, ತಂದವರು ಆಚೆ ತಿರುಗಿದ ಕ್ಷಣ ನನ್ನ ಕೈಗೆ ಕೊಡುತ್ತಾರೆ. ನಾನು ಮೊದಲೇ ಅಸಿಡಿಟಿಯವನು. ಏಳು ಲೋಟ ಕುಡಿದೆ. ಅಂದು ನನ್ನ ಎರಡು ಮೂತ್ರಪಿಂಡಗಳು ಇಬ್ಬರ ಕೆಲಸ ಮಾಡಿದವು. ಯಾರೋ ಒಬ್ಬ ಮುದುಕಿ ಇನ್ನೊಬ್ಬಳಿಗೆ ಹೇಳಿದ್ದು ಕೇಳಿಸಿತು: "ಪಾಪ, ಡ್ರೈವರಿಗೆ ಮನೆಯಲ್ಲಿ ಕಾಫಿ ಕೊಡೋಲ್ಲ ಅಂತ ಕಾಣುತ್ತೆ."

ಆಮೇಲೆ ಒಳಕೋಣೆಗೆ ಹೋದೆವು.

ಹಾಲಮ್ಮ ತಗ್ಗಾದ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಅಲ್ಲ, ಕೂರಿಸಿದ್ದರು. ಮುಖ ಒಂದು ಹಿಡಿಯಷ್ಟಾಗಿತ್ತು. ಎರಡೂ ಕಣ್ಣಿಗೆ ಪೊರೆ. ನಂಜಮ್ಮ ತಲೆವಸ್ತ್ರ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡರು, ಮಂಚದ ಹತ್ತಿರ ಹೋದರು. ಸೊಸೆ, "ಅತ್ತೆ, ನಿನ್ನ ತಂಗಿ ಬಂದಿದ್ದಾಳೆ," ಎಂದಳು. ಮುದುಕಿಯ ಬಲಗೈ ಮೇಲೆದ್ದಿತು. ಕೈ ಗಾಳಿಯಲ್ಲಿ ತಂಗಿಯ ತಲೆಯನ್ನು ಹುಡುಕುತ್ತಿತ್ತು.

ಮಂಚ ಎಷ್ಟು ತಗ್ಗಾಗಿತ್ತೆಂದರೆ ನಂಜಮ್ಮ ಪೂರ್ತಿ ಬಾಗಬೇಕಿತ್ತು. ಬಾಗಿದರು. ಬಾಗಿದ ಕೂಡಲೇ ಮೈ ಓಲಾಡಿದ್ದು ನನಗೆ ಕಾಣಿಸಿತು. ಬಿ.ಪಿ., ತಲೆ ಕೆಳಗೆ, ಬೀಳುತ್ತಾರೆ, ನೀವು ಹಿಡಿದುಕೊಳ್ಳಬೇಕು. ಬಾಗಿಲಲ್ಲಿ ನಿಂತವನು ಒಂದೇ ನೆಗೆತಕ್ಕೆ ಮುಂದೆ ಬಂದೆ. ಸಾವಿನ ಮನೆಯಂತಿದ್ದ ಆ ಕೋಣೆಗೆ ಮರ್ಯಾದೆಯೆಂದು ಆಗಲೇ ಮಂಕಿ ಕ್ಯಾಪ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಬಲಗಡೆಯಿಂದ ನಂಜಮ್ಮನ ತೋಳು ಹಿಡಿದು, ಎಡಗೈ ಮುಟ್ಟದ ಹಾಗೆ ನೋಡಿಕೊಂಡು, ನಾನೂ ಅವರ ಪಕ್ಕದಲ್ಲಿ, ಸ್ವಲ್ಪ ಮುಂದಕ್ಕೇ, ಬಾಗಿ ಅವರನ್ನು ಆತುಕೊಂಡೆ.

ಹಾಲಮ್ಮನ ಕೈ ಇಳಿಯಿತು. ನನ್ನ ತಲೆಯ ಮೇಲೆ ಇಳಿಯಿತು.

ಹಗುರವಾದ, ಒಣಗಿದ, ಬೆಚ್ಚಗಿನ ಕೈ. ನಾನು ಕದಲಿದರೆ ನಂಜಮ್ಮ ಬೀಳುತ್ತಾರೆ. ಬಾಯಿ ತೆರೆದರೆ ಹರಕೆಯ ನಡುವೆ ಮಾತಾಡಿದಂತಾಗುತ್ತದೆ. ಬೆರಳುಗಳು ನನ್ನ ನೆತ್ತಿಯನ್ನು ಒಮ್ಮೆ ತಡವಿದವು, ನಿಂತವು.

"ಅಯ್ಯೋ ತಂಗೀ," ಎಂದರು ಹಾಲಮ್ಮ, "ಆಸ್ಪತ್ರೆಯವರು ನಿನ್ನ ಕೂದಲನ್ನೂ ಬಿಡಲಿಲ್ಲೆಯಾ?"

ಯಾರೂ ನಗಲಿಲ್ಲ. ಅದು ತಂಗಿಯ ತಲೆಯಲ್ಲ ಎಂದು ಯಾರೂ ಹೇಳಲೂ ಇಲ್ಲ. ಹರಸಲು ಎತ್ತಿದ ಕೈಯನ್ನು ತಡೆಯುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮುದುಕಿ ಉಸಿರು ಎಳೆದುಕೊಂಡು ಶುರು ಮಾಡಿದರು. "ಬದುಕು ತಂಗೀ, ಬದುಕು. ನೂರು ವರುಷ ಇರು. ಕಣ್ಣಿಗೆ ಬೆಳಕಿರಲಿ. ಕಾಲಿಗೆ ದಾರಿ ಇರಲಿ. ಉಂಡದ್ದು ಮೈಗೆ ಹತ್ತಲಿ. ಕುಡಿದ ನೀರು ಮೈಯಲ್ಲಿ ನಿಲ್ಲದೆ ಹರಿದು ಹೋಗಲಿ..." ಏಳು ಲೋಟ ಕಾಫಿ ಹೊತ್ತ ನಾನು ತಲೆ ತಗ್ಗಿಸಿ ಎಲ್ಲವನ್ನೂ ತೆಗೆದುಕೊಂಡೆ. ಹೊಸ ಹುಲ್ಲಿನಂತೆ ಕೂದಲು ಬರಲಿ ಎಂಬುದೂ ಸೇರಿತು. ಅದನ್ನು ಅಲ್ಲಿಯೇ ಹೊಸದಾಗಿ ಸೇರಿಸಿದರೆಂದು ಕಾಣುತ್ತದೆ. ಎರಡು ನಿಮಿಷವೋ ಐದು ನಿಮಿಷವೋ. ಕೊನೆಗೆ ಕೈ ಜಾರಿ ಹಾಸಿಗೆಗೆ ಬಿತ್ತು. ಸೊಸೆ ಬಗ್ಗಿ ನೋಡಿ, "ನಿದ್ದೆ," ಎಂದಳು. "ಮೂರು ದಿನದಿಂದ ಇಷ್ಟು ಮಾತಾಡಿರಲಿಲ್ಲೆ. ಸುಸ್ತಾಗಿದೆ. ಇನ್ನು ಏಳೋಲ್ಲ, ನಾಳೆಯೇ."

ನಂಜಮ್ಮ ಮಂಚದ ಅಂಚಿನಲ್ಲಿ ಕೂತು ಅಕ್ಕನ ಪಾದವನ್ನು ಕಂಬಳಿಯೊಳಗೆ ಸೇರಿಸುತ್ತಿದ್ದರು. ನಾನು ಅವರ ಕಿವಿಯ ಹತ್ತಿರ, ಅಕ್ಕಾ, ಆ ಕೈಯನ್ನು ನೀವೇ ಎತ್ತಿ ಒಂದು ಸಲ ತಲೆಗೆ ಮುಟ್ಟಿಸಿಕೊಳ್ಳಿ ಎಂದು ಪಿಸುಗುಟ್ಟಿದೆ.

"ಮಲಗಿದವರ ಕೈಯಿಂದ ಕದಿಯೋದಾ?" ಎಂದರು ನಂಜಮ್ಮ.

ಅರ್ಧ ಗಂಟೆ ಅಲ್ಲೇ ಕೂತಿದ್ದು ಎದ್ದರು. ಇತ್ತಲಾರ್ ದಾರಿಯಲ್ಲಿ ರಸ್ತೆ ಖಾಲಿ. ಮಂಜಿಲ್ಲ, ಕಾಡುಕೋಣ ಇಲ್ಲ, ಬ್ರೇಕು ಹೊಸದರಂತೆ ಹಿಡಿಯುತ್ತಿತ್ತು. ಎಲ್ಲ ಇಷ್ಟು ಸರಿಯಾಗಿರುವುದು ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು. ಮೂರು ದಿನ ತಯಾರಿ, ಹಗ್ಗ, ಟಾರ್ಚು, ಆರನೆಯ ನಿಯಮ, ಎಲ್ಲ ಮಾಡಿದ್ದು ಒಂದು ಕೈ ಒಂದು ತಲೆಯ ಮೇಲೆ ಬೀಳಲೆಂದು. ಬಿದ್ದದ್ದು ಒಂದು ಗೇಣು ಆಚೆ. ಎರಡು ವರ್ಷ ಕಾದವರಿಗೆ ಸೇರಬೇಕಾದ್ದನ್ನು, ಮನೆಯಲ್ಲಿ ಗ್ಯಾಸ್ ಟ್ಯೂಬು ಮೂಸುತ್ತ ಕೂತಿರಬೇಕಾದ ಒಬ್ಬ ಬೋಳುತಲೆಯವನು ಹೊತ್ತುಕೊಂಡು ಬಂದ. ನಾಲ್ಕು ಕಿಲೋಮೀಟರು ದಾಟಿದ ಮೇಲೆ ತಡೆಯಲಾಗದೆ, ಅಕ್ಕಾ, ತಪ್ಪು ಮಾಡಿಬಿಟ್ಟೆ, ನಿಮ್ಮದು ನನಗೆ ಬಂದುಬಿಟ್ಟಿತು ಎಂದೆ.

ಹಿಂದಿನ ಸೀಟಿನಲ್ಲಿ ನಂಜಮ್ಮ ಶಾಲನ್ನು ಕಾಲಿನ ಮೇಲೆ ಎಳೆದುಕೊಂಡರು.

"ನೂರು ವರುಷ ಅಂದಳಲ್ಲಾ?"

"ಹೌದು."

"ಕಣ್ಣು, ಕಾಲು ಎಲ್ಲ ಹೇಳಿದಳು?"

"ಎಲ್ಲ."

"ಮತ್ತೆ ಏನು? ನಿನ್ನ ಕಣ್ಣು ಕಾಲು ನೂರು ವರುಷ ಸರಿ ಇದ್ದರೆ ತಾನೇ ಎನ್ನ ಆಸ್ಪತ್ರೆಗೆ ಕರಕೊಂಡು ಹೋಗೋದು? ಅವಳಿಗೆ ಗೊತ್ತಿಲ್ಲದೆ ಸರಿಯಾದ ಕಡೆಗೇ ಕೊಟ್ಟಿದ್ದಾಳೆ."

ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ. ಬುಧವಾರ ಆರು ಗಂಟೆಗೆ ಬರುತ್ತೇನೆಂದು ಹೇಳಿದೆ. ನಂಜಮ್ಮ ಇಳಿಯಲಿಲ್ಲ. ಪಕ್ಕದ ಸೀಟಿನಲ್ಲಿ ಬಿದ್ದಿದ್ದ ನನ್ನ ಮಂಕಿ ಕ್ಯಾಪನ್ನು ಹಿಂದಿನಿಂದಲೇ ಬಲಗೈ ಚಾಚಿ ತೆಗೆದುಕೊಂಡು, ನನ್ನ ತಲೆಗೆ ಹಾಕಿ ಕಿವಿಯವರೆಗೆ ಎಳೆದರು.

"ಚಳಿಯಲ್ಲಿ ಬರಿತಲೆಯಲ್ಲಿ ಇರಬೇಡ ತಮ್ಮಾ. ಎನ್ನ ಸೊತ್ತು ಆ ತಲೆ ಮೇಲೆ ಇದೆ."